ಸೂಳೆಕೆರೆಯ ಹೆಸರು ಮತ್ತು ಬಿಟ್ಟುಹೋದ ಪಾಠ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೋಡದ ಮೇಷ್ಟ್ರು ನಮ್ಮ ಸೀಮೆಯಲ್ಲಿ ಇರಲಾರರು. ಮಕ್ಕಳನ್ನು ಕರಕೊಂಡು ಪ್ರವಾಸ ಹೋಗುತ್ತೇವೆ, ಏರಿಯ ಮೇಲೆ ನಿಲ್ಲಿಸಿ ಫೋಟೋ ತೆಗೆಸುತ್ತೇವೆ, ತೋಟಕ್ಕೆ ಹೋಗುವ ನೀರು ತೋರಿಸುತ್ತೇವೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ ಎಂದು ಹೇಳುತ್ತೇವೆ. ಆದರೆ ವರದಿ ಬರೆಯುವಾಗ ಮಾತ್ರ 'ಶಾಂತಿಸಾಗರ' ಎಂದು ಬರೆಯುತ್ತೇವೆ. ಯಾಕೆ ಸಾರ್, ಬೋರ್ಡಿನಾಗೆ ಒಂದು ಹೆಸರು, ಬಸ್ಸಿನಾಗೆ ಒಂದು ಹೆಸರು ಅಂತ ಹುಡುಗನೊಬ್ಬ ಕೇಳಿದರೆ 'ಸುಮ್ಕಿರಲೇ' ಎಂದು ಗದರುತ್ತೇವೆ.

ಆ ಹೆಸರಿನ ಹಿಂದೆ ಜನ ಹೇಳುವ ಕಥೆ ಒಂದಿದೆ. ಹೇಳುವವರು ಅವರವರ ರೀತಿಯಲ್ಲಿ ಹೇಳುತ್ತಾರೆ. ತಿರುಳು ಇಷ್ಟು: ಶಾಂತವ್ವ ಎಂಬ ದೊರೆಮಗಳು. ಅವಳಿಗೂ ಒಬ್ಬ ಸಿದ್ಧನಿಗೂ ಸಂಗವಾಯಿತು. ಅಪ್ಪ ಅವಳನ್ನು ಊರೊಳಗೆ ಸೇರಿಸಲಿಲ್ಲ. ಪಾಪ ತೊಳೆದುಕೊಳ್ಳಲು ಕೆರೆ ಕಟ್ಟಿಸುತ್ತೇನೆ ಅಂದಳು. ಕೆರೆಗೆ ಬೇಕಾದ ಜಾಗ ಸೂಳೆಯರದ್ದು. ಅವರು ಕೊಟ್ಟರು. ಒಂದೇ ಷರತ್ತು ಹಾಕಿದರು: ಕೆರೆಗೆ ನಮ್ಮ ಹೆಸರು ಇರಬೇಕು.

ಈ ಕಥೆಯನ್ನು ವಿಮರ್ಶೆಯ ಕಣ್ಣಿನಿಂದ ಓದಿ ನೋಡಿ. ಇಬ್ಬರು ಸೇರಿ ಮಾಡಿದ್ದಕ್ಕೆ ಒಬ್ಬಳೇ ಪಾಪಿ. ಸಿದ್ಧ ಸಿದ್ಧನಾಗಿಯೇ ಉಳಿದ. ಬಾಗಿಲು ಮುಚ್ಚಿದವನು ಅಪ್ಪ. ಜಾಗ ಕೊಟ್ಟವರು ಊರು ತುಚ್ಛವಾಗಿ ಕಂಡ ಹೆಂಗಸರು. ಅವರು ಕೇಳಿದ್ದು ಹೆಸರು ಮಾತ್ರ. ಆ ಹೆಸರನ್ನೂ ನಾವು ಈಗ ಬಾಯಲ್ಲಿ ಆಡಲು ನಾಚುತ್ತೇವೆ. ನೀರು ಬೇಕು, ಹೆಸರು ಬೇಡ. ಹರೆಯದ ಮಕ್ಕಳ ಮೈ-ಮನಸ್ಸಿನ ವಿಷಯದಲ್ಲಿ ನಮ್ಮ ಸಮಾಜ, ನಮ್ಮ ಶಾಲೆ, ನಮ್ಮ ಸಾಹಿತ್ಯ ಇವತ್ತಿನ ತನಕ ಮಾಡಿರುವುದು ಇದನ್ನೇ.

1

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಅಮೀಬಾ, ಹೈಡ್ರಾ, ದಾಸವಾಳದಂಥ ಹೂವಿನ ಭಾಗ, ಆಮೇಲೆ ಮನುಷ್ಯ. ಮೇಷ್ಟ್ರು ಹೂವಿನ ತನಕ ಹುಮ್ಮಸ್ಸಿನಿಂದ ಬರುತ್ತಾರೆ. ಮನುಷ್ಯ ಬಂದ ಕೂಡಲೆ ಸೀಮೆಸುಣ್ಣ ಕೆಳಗಿಟ್ಟು 'ಇದನ್ನ ಮನೇಲಿ ಓದ್ಕೊಳ್ರಿ' ಎನ್ನುತ್ತಾರೆ. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಹಿತವಚನ ಹೇಳಿದ್ದರು: 'ಚಿತ್ರ ಬರೆಸಿಬಿಡಿ, ಭಾಗ ಗುರುತಿಸೋದು ಕಲಿಸಿಬಿಡಿ, ಅಂಕ ಬರ್ತದೆ. ಉಳಿದದ್ದಕ್ಕೆ ಕೈ ಹಾಕಬ್ಯಾಡಿ, ಊರವರು ಬರ್ತಾರೆ.' ನಾನೂ ಎರಡು ವರ್ಷ ಹಾಗೇ ಮಾಡಿದೆ. ತಪ್ಪೊಪ್ಪಿಗೆಯಿಂದಲೇ ಶುರು ಮಾಡುವುದು ಒಳ್ಳೆಯದು.

ಹೀಗೆ ಬಿಟ್ಟುಹೋಗುವ ಭಾಗದಲ್ಲೇ ಆ ಪಾಠದ ಜೀವ ಇದೆ. ಪಾಠದ ಕೊನೆಗೆ, ಸಂತಾನೋತ್ಪತ್ತಿಯ ಆರೋಗ್ಯದ ಬಗ್ಗೆ ಹೇಳುವಾಗ, ಪುಸ್ತಕ ಒಂದು ದಿಟ್ಟ ಮಾತು ಹೇಳುತ್ತದೆ. ಮೈ ಬೆಳೆಯುವುದು ನಿಧಾನದ ಕೆಲಸ, ಮೈಯಲ್ಲಿ ಬದಲಾವಣೆ ಕಂಡ ಮಾತ್ರಕ್ಕೆ ಮೈಯೂ ಮನಸ್ಸೂ ಮಗು ಹೆರಲು, ಸಾಕಲು ತಯಾರಾದವು ಅಂತಲ್ಲ ಎನ್ನುತ್ತದೆ. ಆಮೇಲೆ ಒತ್ತಡಗಳ ಲೆಕ್ಕ ಕೊಡುತ್ತದೆ. ಗೆಳೆಯರ ಒತ್ತಡ ಒಂದು. ಮದುವೆಯಾಗು, ಮಗು ಹೆರು ಎನ್ನುವ ಮನೆಯವರ ಒತ್ತಡ ಎರಡು. ಮಗು ಬೇಡ ಎನ್ನುವ ಸರ್ಕಾರದ ಒತ್ತಡ ಮೂರು. ಇಂಥ ಹೊತ್ತಿನಲ್ಲಿ ಆಯ್ಕೆ ಎಂಬುದು ತೀರ ಸ್ವಂತದ್ದಾಗಬಹುದು ಎನ್ನುತ್ತದೆ. ಹೆಣ್ಣು ಭ್ರೂಣಹತ್ಯೆಯನ್ನೂ ಹೆಸರಿಟ್ಟು ಖಂಡಿಸುತ್ತದೆ.

ಸರ್ಕಾರದ ಪುಸ್ತಕವೊಂದು ಸರ್ಕಾರದ ಒತ್ತಡವನ್ನೂ ಸೇರಿಸಿ ಹೇಳಿತಲ್ಲ, ಅದಕ್ಕೆ ನಾವು ಶರಣು ಅನ್ನಬೇಕು. 1975-77ರ ತುರ್ತುಪರಿಸ್ಥಿತಿಯ ಶಸ್ತ್ರಚಿಕಿತ್ಸೆಯ ಗುರಿಗಳನ್ನು ಕಂಡ ದೇಶ ಇದು. ಯಾರನ್ನು ಹಿಡಿದು ಮಲಗಿಸಿದರು ಎಂಬುದು ಬಡವರಿಗೆ ಗೊತ್ತು.

ಆದರೆ ಪಾಠ ಇಲ್ಲಿಗೇ ನಿಂತುಬಿಡುತ್ತದೆ. ಆಯ್ಕೆ ಸ್ವಂತದ್ದು ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಯಾರ ಸ್ವಂತ? ಜಗಳೂರಿನ ಒಣಭೂಮಿಯಲ್ಲಿ ಮೆಕ್ಕೆಜೋಳ ಕೈಕೊಟ್ಟ ವರ್ಷ ಅಪ್ಪ-ಅವ್ವ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದಾಗ ಅಜ್ಜಿಯ ಹತ್ತಿರ ಉಳಿದ ಹುಡುಗಿಗೆ ಸ್ವಂತದ್ದು ಎಂಬುದು ಯಾವುದು? ನ್ಯಾಮತಿಯ ತಾಂಡಾದಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೋಗುವವರ ಮಗಳಿಗೆ? ಚನ್ನಗಿರಿಯ ಅಡಿಕೆ ತೋಟದ ಧಣಿಯ ಮನೆಯಲ್ಲಿ ಸುಲಿಯುವ ಕೆಲಸಕ್ಕೆ ರಾತ್ರಿ ತನಕ ಕೂರುವವಳಿಗೆ?

ಪಾಠ ಮೂರು ಒತ್ತಡ ಹೇಳಿತು. ನಾಲ್ಕನೆಯದನ್ನು ಹೇಳಲಿಲ್ಲ. ಅದರ ಹೆಸರು ಜಾತಿ. ಅದರ ಬೆನ್ನಿಗೆ ಬಡತನ ನಿಂತಿದೆ.

2

ಇದು ನನ್ನ ಹೊಸ ಶೋಧವೇನೂ ಅಲ್ಲ. 1916ರಲ್ಲಿ, ಇಪ್ಪತ್ತೈದು ವರ್ಷದ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಜಾತಿಯ ಸಾರ ಇರುವುದು ತಮ್ಮತಮ್ಮೊಳಗೇ ಮದುವೆಯಾಗುವ ಕಟ್ಟಿನಲ್ಲಿ ಎಂದು ತೋರಿಸಿದರು. ಆ ಕಟ್ಟು ಸಡಿಲವಾಗದಂತೆ ನೋಡಿಕೊಳ್ಳಲು ಸಮಾಜ ಹೂಡಿದ ಉಪಾಯಗಳೇ ಸತಿ, ವಿಧವೆಯ ಮೇಲೆ ಹೇರಿದ ಕಟ್ಟುಪಾಡು, ಬಾಲ್ಯವಿವಾಹ ಎಂದು ಬಿಡಿಸಿಟ್ಟರು. ಹುಡುಗಿಗೆ ಮನಸ್ಸು ಎಂಬುದೊಂದು ಬರುವ ಮುಂಚೆಯೇ ಮದುವೆ ಮುಗಿಸಿಬಿಟ್ಟರೆ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲವಲ್ಲ!

ಅಂದರೆ ಹರೆಯದ ಹುಡುಗಿ ಯಾರ ಜೊತೆ ಮಾತಾಡಿದಳು, ಯಾರ ಬೈಕು ಹತ್ತಿದಳು ಎಂದು ಊರು ಕಾಯುವುದು ಅವಳ ಆರೋಗ್ಯದ ಕಾಳಜಿಯಿಂದ ಅಲ್ಲ. ಜಾತಿಯ ಬೇಲಿ ಕಾಯುವ ಕೆಲಸ ಅದು. ಅದಕ್ಕೇ ಆ ಬೇಲಿ ಒಂದೇ ಕಡೆಗೆ ಮುಳ್ಳು. ಮೇಲಿನ ಕೇರಿಯ ಹುಡುಗ ಕೆಳಗಿನ ಕೇರಿಗೆ ಇಳಿದು ಬಂದರೆ 'ಹುಡುಗಾಟಿಕೆ'. ಕೆಳಗಿನ ಕೇರಿಯ ಹುಡುಗ ಮೇಲಿನ ಕೇರಿಯ ಹುಡುಗಿಯ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಪಂಚಾಯ್ತಿ, ಬಡಿಗೆ, ಠಾಣೆ.

ಮುತ್ತು ಕಟ್ಟುವ ಪದ್ಧತಿಯನ್ನು ನೆನೆಯಿರಿ. ಜಗಳೂರಿಗೆ ಒತ್ತಿಕೊಂಡಿರುವ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಹುಣ್ಣಿಮೆ ಜಾತ್ರೆಯ ಹೆಸರು ಆ ಪದ್ಧತಿಯ ಜೊತೆ ತಳುಕು ಹಾಕಿಕೊಂಡದ್ದು ಎಲ್ಲರಿಗೂ ಗೊತ್ತು. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಯಾವ ಕೇರಿಯವರು? ಹೊಲೆಮಾದಿಗರ ಕೇರಿಯ ಹದಿಹರೆಯದವರು. ಅಲ್ಲಿ ಒತ್ತಡ ಹಾಕಿದ್ದು ಗೆಳೆಯರೋ, ಮನೆಯವರೋ, ಸರ್ಕಾರವೋ? ದೇವಿಯ ಹೆಸರು, ಊರ ಗೌಡನ ಕಣ್ಣು, ಮನೆಯ ಹಸಿವು ಮೂರೂ ಸೇರಿ ಒಂದು ಮಗುವಿನ ಪರವಾಗಿ ತೀರ್ಮಾನ ಮಾಡಿಬಿಟ್ಟವು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಬೇಡ ಎಂದು ಹೇಳಲು ಹೋದ ಕಾರ್ಯಕರ್ತರ ಮೇಲೆ, ಕಾವಲಿಗಿದ್ದ ಪೊಲೀಸರ ಮೇಲೆ ಹಲ್ಲೆ ನಡೆಯಿತು. ಆಗ ಹೊನ್ನಾಳಿ, ಚನ್ನಗಿರಿ ಅದೇ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹೆಣ್ಣಿನ ಮೈ ಅವಳದು ಎಂದು ಹೇಳುವುದು ಈ ನೆಲದಲ್ಲಿ ಎಷ್ಟು ದೊಡ್ಡ ಬಂಡಾಯ ಎಂಬುದು ಅಂದು ತಿಳಿಯಿತು. ಅದು ಜೀವಶಾಸ್ತ್ರದ ಪಾಠವಲ್ಲ ಎಂಬುದೂ ತಿಳಿಯಿತು.

3

ಪುಸ್ತಕ ಹೇಳದ್ದನ್ನು ಸಾಹಿತ್ಯ, ಸಿನಿಮಾ ಹೇಳಿದವೇ? ಹುಡುಗರ ಮನಸ್ಸನ್ನು ತಿದ್ದುವುದರಲ್ಲಿ ಮೇಷ್ಟ್ರಿಗಿಂತ ಮೇಲುಗೈ ಇವುಗಳದ್ದೇ. ಆದ್ದರಿಂದ ಇವುಗಳ ಲೆಕ್ಕ ಸರಿಯಾಗಿ ನೋಡಬೇಕು.

ನಮ್ಮ ಸೀಮೆಯ ಸಿನಿಮಾ ಎಂದರೆ 'ನಾಗರಹಾವು'. 1972ರದ್ದು. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. ಚಿತ್ರದುರ್ಗದ ಕೋಟೆ ಅದರ ಬೆನ್ನಿಗಿದೆ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದು. ರಾಮಾಚಾರಿಯ ಸಿಟ್ಟು, ಚಾಮಯ್ಯ ಮೇಷ್ಟ್ರ ಪ್ರೀತಿ ನೋಡಿ ಕಣ್ಣೀರು ಹಾಕದವರು ಯಾರು? ನಾನೂ ಹಾಕಿದ್ದೇನೆ. ಆದರೆ ಈಗ ಅದನ್ನು ಕೂತು ನೋಡಿದರೆ ಬೇರೆಯೇ ಪಾಠ ಕಾಣುತ್ತದೆ. ರಾಮಾಚಾರಿ-ಅಲಮೇಲು ಇಷ್ಟಪಟ್ಟರು. ಜಾತಿಯ ಕಟ್ಟು ಅಡ್ಡ ಬಂತು. ಮೇಷ್ಟ್ರು ಬಂದು ಅವಳನ್ನು ಬಿಟ್ಟುಕೊಡು ಎಂದರು. ಗುರುವಿನ ಮಾತಿಗೆ ಶಿಷ್ಯ ತ್ಯಾಗ ಮಾಡಿದ. ಗುರು ದೊಡ್ಡವನಾದ, ಶಿಷ್ಯ ದೊಡ್ಡವನಾದ. ಅಲಮೇಲುವನ್ನು ಯಾರು ಕೇಳಿದರು? ಅವಳ ಬದುಕಿನ ತೀರ್ಮಾನವನ್ನು ಇಬ್ಬರು ಗಂಡಸರು ತಮ್ಮತಮ್ಮಲ್ಲೇ ಮಾತಾಡಿ ಮುಗಿಸಿದರು. ಮುಂದೆ ಅವಳು ಬೀಳುವ ಗತಿ ಎಂಥದ್ದು ಎಂದು ಸಿನಿಮಾವೇ ತೋರಿಸುತ್ತದೆ. ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ಬರುತ್ತಾರೆ, ಕೊನೆಗೆ ಬೆಟ್ಟದ ಮೇಲೆ ಮೂರು ಸಾವು.

ಪುಟ್ಟಣ್ಣ ಜಾತಿಯ ಗೋಡೆಯನ್ನು ಮರೆಮಾಚಲಿಲ್ಲ. ಅದು ಅವರ ದೊಡ್ಡತನ. ಆದರೆ ನೋಡಿದ ಹುಡುಗರು ಮನೆಗೆ ಒಯ್ದದ್ದು ಗೋಡೆಯ ಮೇಲಿನ ಸಿಟ್ಟನ್ನಲ್ಲ. ಪ್ರೀತಿ ಎಂದರೆ ಹಟ, ಹಟ ಎಂದರೆ ಗಂಡಸುತನ, ಸಿಗದಿದ್ದರೆ ಸಾವು ಎಂಬುದನ್ನು. ಆಮೇಲೆ ಬಂದ ಎಷ್ಟೋ ಸಿನಿಮಾಗಳಲ್ಲಿ ಆ ಗೋಡೆಯೂ ಮಾಯವಾಯಿತು, ಹಟ ಮಾತ್ರ ಉಳಿಯಿತು. ಹುಡುಗಿಯ ಹಿಂದೆ ಬೀಳುವುದು, ದಾರಿ ಅಡ್ಡಗಟ್ಟುವುದು, ಅವಳು ಬೈದರೆ ಒಳಗೊಳಗೇ ಒಪ್ಪಿದ್ದಾಳೆ ಎಂದು ಹಾಡು ಹಾಡುವುದು ನಾಯಕನ ಲಕ್ಷಣವಾಯಿತು.

ನವ್ಯರ ಕಡೆ ಬನ್ನಿ. ಅನಂತಮೂರ್ತಿಯವರ 'ಸಂಸ್ಕಾರ' 1965ರದ್ದು. ಕಾಮವನ್ನು ಬಾಯಿಬಿಟ್ಟು ಮಾತಾಡಿದ ಕಾದಂಬರಿ ಎಂದು ಹೊಗಳಿದರು. ಹೌದು, ಅಗ್ರಹಾರದ ಮುಚ್ಚಿದ ಬಾಗಿಲನ್ನು ಅದು ತೆರೆಯಿತು. ಆದರೆ ಕಾಡಿನ ಆ ರಾತ್ರಿಯಾದ ಮೇಲೆ ಪ್ರಾಣೇಶಾಚಾರ್ಯರ ಮನಸ್ಸಿನ ತೊಳಲಾಟಕ್ಕೆ ಪುಟಗಟ್ಟಲೆ ಜಾಗ ಸಿಕ್ಕಿತು. ಚಂದ್ರಿ ಎಲ್ಲಿ ಹೋದಳು? ಕುಂದಾಪುರದ ದಾರಿ ಹಿಡಿದು ಕಥೆಯಿಂದಲೇ ಹೊರಟುಹೋದಳು. ಹೊಲೆಯರ ಬೆಳ್ಳಿ ಶ್ರೀಪತಿಗೆ ಬರೀ ಮೈ. ಪ್ಲೇಗು ಬಡಿದ ಕೇರಿಯಲ್ಲಿ ಅಪ್ಪ-ಅವ್ವನನ್ನು ಕಳಕೊಂಡ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವ ವ್ಯವಧಾನ ಕಾದಂಬರಿಗೇ ಇಲ್ಲ. ಬ್ರಾಹ್ಮಣನ ಬಿಡುಗಡೆಗೆ ಶೂದ್ರ, ದಲಿತ ಹೆಣ್ಣಿನ ಮೈ ಬಾಗಿಲಾಯಿತು. ಬಾಗಿಲಿಗೆ ಬಾಯಿ ಇರುವುದಿಲ್ಲ.

ಅದಕ್ಕಿಂತ ಮೂವತ್ತೆರಡು ವರ್ಷ ಹಿಂದೆ, 1933ರಲ್ಲಿ, ಕಾರಂತರು 'ಚೋಮನ ದುಡಿ' ಬರೆದರು. ಅಲ್ಲಿಯೂ ಒಬ್ಬ ಬೆಳ್ಳಿ ಇದ್ದಾಳೆ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಹುಡುಗಿ. ಅಲ್ಲಿನ ಮನ್ವೇಲ ಅವಳನ್ನು ಬಳಸಿಕೊಂಡ, ಸಾಲ ವಜಾ ಆಯಿತು. ಅವಳು ಒಪ್ಪಿದಳೇ, ಒಪ್ಪಲಿಲ್ಲವೇ? ಒಪ್ಪಿಗೆ ಎಂಬ ಮಾತಿಗೆ ಸಾಲದ ಎದುರು ಏನು ಅರ್ಥ ಉಳಿಯುತ್ತದೆ? ಕಾರಂತರು ದಲಿತರಲ್ಲ, ಅವರ ಚೋಮನ ಬಗ್ಗೆ ನಮ್ಮ ತಕರಾರು ಬೇರೆ ಇದೆ. ಆದರೆ ಒಪ್ಪಿಗೆಯ ಬಗ್ಗೆ ಹತ್ತನೇ ತರಗತಿ ಪುಸ್ತಕ ಹೇಳದ ಮಾತನ್ನು ಈ ಬೆಳ್ಳಿ ಹೇಳುತ್ತಾಳೆ. ಇವತ್ತೂ ಕೂಲಿಗೆ ಕಾಫಿ ತೋಟಕ್ಕೆ ಹೋಗುವ ತಾಂಡಾದ ಮಕ್ಕಳಿಗೆ ಅದು ಹಳೆಯ ಕಥೆ ಎನಿಸುವುದಿಲ್ಲ.

ಆಮೇಲೆ ದೇವನೂರರ 'ಕುಸುಮಬಾಲೆ' ಬಂತು. ಓದಿದ ಹೊಲೆಯರ ಹುಡುಗ ಚೆನ್ನ, ಮೇಲುಜಾತಿಯ ಕುಸುಮ. ಚೆನ್ನ ಕೊಲೆಯಾದ. ಪ್ರೀತಿ, ಕೊಲೆ, ಹೊಟ್ಟೆಯಲ್ಲಿನ ಮಗು, ಜಾತಿ ನಾಲ್ಕೂ ಒಂದೇ ದಾರದಲ್ಲಿ ಇವೆ ಎಂದು ಅದು ತೋರಿಸಿತು. 2016ರಲ್ಲಿ ನಾಗರಾಜ ಮಂಜುಳೆ ಮರಾಠಿಯಲ್ಲಿ 'ಸೈರಾಟ್' ಮಾಡಿದರು. ಮರುವರ್ಷ ಅದು ಕನ್ನಡಕ್ಕೂ ಬಂತು. ನಮ್ಮ ಹುಡುಗರು ಅದರ ಹಾಡಿಗೆ ಗಣಪತಿ ಮೆರವಣಿಗೆಯಲ್ಲಿ ಕುಣಿದರು. ಮೂಲ ಸಿನಿಮಾದ ಕೊನೆಯಲ್ಲಿ ಶಬ್ದವೇ ಇಲ್ಲದೆ ಮಗು ರಕ್ತದ ಹೆಜ್ಜೆ ಇಡುತ್ತದೆ. ಆ ಹೆಜ್ಜೆಯ ಬಗ್ಗೆ ತರಗತಿಯಲ್ಲಿ ಯಾವ ಮೇಷ್ಟ್ರು ಮಾತಾಡಿದರು?

ವೈದ್ಯ ಸಾಹಿತ್ಯದ ಬಗ್ಗೆಯೂ ಒಂದು ಮಾತು. ಡಾ. ಅನುಪಮಾ ನಿರಂಜನ ನಮ್ಮ ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರ ದೊಡ್ಡದು. ಮೈಯ ಬಗ್ಗೆ ಕನ್ನಡದಲ್ಲಿ ಮರ್ಯಾದೆಯಿಂದ ಬರೆಯಬಹುದು ಎಂದು ತೋರಿಸಿದವರು ಅವರು. ಆದರೆ ಪುಸ್ತಕದ ಹೆಸರು ನೋಡಿ: 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ'. ಆ ಕಾಲದ ಸಮಾಜದಲ್ಲಿ ತಿಳಿವಳಿಕೆಗೆ ಮದುವೆಯ ಚೀಟಿ ಬೇಕಿತ್ತು. ಹಸೆಮಣೆಯ ಹತ್ತಿರ ಬಂದವಳಿಗೆ ಮಾತ್ರ, ಅದೂ ಕಿವಿಯಲ್ಲಿ. ಹದಿಮೂರು ವರ್ಷದ ಹುಡುಗಿಗೆ, ಹುಡುಗನಿಗೆ, ಮದುವೆಯೇ ಬೇಡ ಎನ್ನುವವಳಿಗೆ, ಗಂಡು-ಹೆಣ್ಣಿನ ಎರಡು ಗುಂಪಿಗೂ ಸೇರದೆ ಮೈಯೊಳಗೆ ಒದ್ದಾಡುವ ಮಗುವಿಗೆ ಆ ಪುಸ್ತಕದ ಬಾಗಿಲು ತೆರೆಯುವುದು ಕಷ್ಟ.

ಮನೆಯಲ್ಲೂ ಹೀಗೇ. ಹುಡುಗಿ ಮೈನೆರೆದರೆ ಹಸಿರು ಗುಡ್ಲು, ಕೊಬ್ಬರಿ-ಬೆಲ್ಲ, ಆರತಿ, ಸೋಬಾನೆ. ಈಗ ಫ್ಲೆಕ್ಸ್ ಬೇರೆ. ದೊಡ್ಡೋಳಾದಳು ಎಂದು ಊರಿಗೆಲ್ಲ ಸಾರುತ್ತಾರೆ. ಏನಾಯಿತು ಎಂದು ಆ ಹುಡುಗಿಗೆ ಮಾತ್ರ ಯಾರೂ ಹೇಳುವುದಿಲ್ಲ. ಮುಟ್ಟಬೇಡ, ಒಳಗೆ ಬರಬೇಡ, ಹುಡುಗರ ಜೊತೆ ನಗಬೇಡ ಎನ್ನುವ ಮೂರು 'ಬೇಡ'ಗಳೇ ಅವಳ ಲೈಂಗಿಕ ಶಿಕ್ಷಣ. ಹುಡುಗನಿಗೆ ಅದೂ ಇಲ್ಲ. 2016ರ ನಂತರ ಅಗ್ಗದ ಇಂಟರ್ನೆಟ್ ಬಂತು, 2020ರ ಕೊರೊನಾ ಕಾಲದಲ್ಲಿ ಪಾಠದ ನೆಪದಲ್ಲಿ ಮೊಬೈಲು ಕೈಗೆ ಬಂತು. ಅವನ ಮೇಷ್ಟ್ರು ಈಗ ನೀಲಿಚಿತ್ರ. ಅಲ್ಲಿ ಹೆಣ್ಣು 'ಬೇಡ' ಎನ್ನುವುದೇ ಇಲ್ಲ. ಮನುಷ್ಯರ ನಡುವಿನ ಮಾತು, ಅಂಜಿಕೆ, ಗೌರವ ಯಾವುದೂ ಅಲ್ಲಿಲ್ಲ.

4

ಇನ್ನು ಸರ್ಕಾರದ ಸರದಿ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ತೆರೆದದ್ದರಲ್ಲಿ ಜಗತ್ತಿಗೇ ಮೊದಲನೆಯದು ಎನ್ನುತ್ತಾರೆ. ಅದೇ ನೆಲದಲ್ಲಿ 2007ರಲ್ಲಿ ಏನಾಯಿತು? ಕೇಂದ್ರದ ಶಿಕ್ಷಣ ಇಲಾಖೆ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ತಂದವು. ಚಿತ್ರಗಳು ಅಶ್ಲೀಲ, ಇದು ನಮ್ಮ ಸಂಸ್ಕೃತಿಯಲ್ಲ ಎಂದು ಗದ್ದಲವೆದ್ದಿತು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳಂತೆ ಕರ್ನಾಟಕವೂ ಅದನ್ನು ಬೇಡವೆಂದಿತು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ, ಮದುವೆಗೆ ಮುಂಚೆ ಸಂಬಂಧ ಅನೈತಿಕ ಎಂದು ಮಕ್ಕಳಿಗೆ ಹೇಳಿ ಎಂಬ ವರದಿ ಕೊಟ್ಟಿತು.

ಮದುವೆಗೆ ಮುಂಚೆ! ಈ ಮಾತನ್ನು ಸ್ವಲ್ಪ ಅಳೆದು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇಕಡ 21.3ರಷ್ಟು ಜನಕ್ಕೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತು. ಐದರಲ್ಲಿ ಒಬ್ಬಳು. ಈ ಹುಡುಗಿಗೆ 'ಮದುವೆಯ ತನಕ ಕಾಯಿ' ಎಂಬ ನೀತಿಪಾಠದಿಂದ ಏನು ಉಪಯೋಗ? ಅವಳಿಗೆ ಕೇಡು ಬಂದದ್ದೇ ಮದುವೆಯ ದಾರಿಯಿಂದ. ಸಂಸ್ಕೃತಿಯವರಿಗೆ ತಾಳಿ ಕಟ್ಟಿದ ಮೇಲೆ ನಡೆಯುವುದೆಲ್ಲ ಪವಿತ್ರ. 15 ವರ್ಷದ ಮೈಗೆ ತಾಳಿಯಿಂದ ಯಾವ ರಕ್ಷಣೆ ಇದೆ ಎಂದು ಹೆರಿಗೆ ವಾರ್ಡಿನ ನರ್ಸಮ್ಮನನ್ನು ಕೇಳಿ.

ಅಶ್ಲೀಲ ಎಂಬ ಈ ಕೂಗು ಹಳೆಯದು. ಮುಂಬಯಿಯಲ್ಲಿ ಆರ್.ಡಿ. ಕರ್ವೆ ಎಂಬವರು 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಪತ್ರಿಕೆ ನಡೆಸಿದರು. ಓದುಗರು ಕೇಳಿದ ಮೈಯ ಪ್ರಶ್ನೆಗಳಿಗೆ ನೇರ ಉತ್ತರ ಕೊಟ್ಟರು. ಸನಾತನಿಗಳು ಕೋರ್ಟಿಗೆ ಎಳೆದರು. 1934ರಲ್ಲಿ ಅವರ ಪರವಾಗಿ ವಾದಿಸಿದ ವಕೀಲ ಯಾರು ಗೊತ್ತೇ? ಬಾಬಾಸಾಹೇಬ್ ಅಂಬೇಡ್ಕರ್. ಕೇಸು ಸೋತರು. ನಮ್ಮ ಗೋಡೆಗಳ ಮೇಲೆ ಬಾಬಾಸಾಹೇಬರ ಚಿತ್ರವಿದೆ, ಅವರ ಈ ಕೇಸಿನ ನೆನಪು ಎಲ್ಲಿದೆ? ಮೈಯ ಬಗ್ಗೆ ತಿಳಿಯುವ ಹಕ್ಕಿಗಾಗಿ ಅವರು ಕರಿಕೋಟು ತೊಟ್ಟು ನಿಂತಿದ್ದರು.

ಈಗ ಗಾಳಿ ಸ್ವಲ್ಪ ತಿರುಗಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ. ಕೆಲವು ವರ್ಷ ನಿಂತುಹೋಗಿದ್ದ ಶುಚಿ ಪ್ಯಾಡುಗಳು 2024ರಲ್ಲಿ ಶಾಲೆಗೆ ಮತ್ತೆ ಬಂದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ಬಗ್ಗೆ ತೀರ್ಪು ಕೊಡುತ್ತ, ಲೈಂಗಿಕ ಶಿಕ್ಷಣ ಪಾಶ್ಚಾತ್ಯರದ್ದು, ಮಕ್ಕಳನ್ನು ಕೆಡಿಸುತ್ತದೆ ಎಂಬ ನಂಬಿಕೆ ತಪ್ಪು ಎಂದು ಹೇಳಿತು. ಒಳ್ಳೆಯದು. ಆದರೆ ಪ್ಯಾಡು ಕೊಟ್ಟು ಮಾತು ಕೊಡದಿದ್ದರೆ ಅದು ಅರ್ಧ ಕೆಲಸ.

5

ಕಾನೂನಿನ ವಿಷಯ ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಒಪ್ಪಿಗೆಯ ವಯಸ್ಸನ್ನು 16ರಿಂದ 18ಕ್ಕೆ ಏರಿಸಿತು. ಅದಕ್ಕಿಂತ ಕೆಳಗಿನವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಧಣಿ, ವಾರ್ಡನ್, ಸಂಬಂಧಿಕ, ಮೇಷ್ಟ್ರು ಇಂಥವರಿಂದ ಮಕ್ಕಳನ್ನು ಕಾಯಲು ಇದಕ್ಕಿಂತ ಗಟ್ಟಿ ಆಯುಧ ನಮಗೆ ಮುಂಚೆ ಇರಲಿಲ್ಲ. ನಮ್ಮ ಕೇರಿಯ ಹುಡುಗಿಯರಿಗೆ ಅದು ಬೇಕು.

ಅದೇ ಆಯುಧ ಇನ್ನೊಂದು ಕಡೆಗೂ ತಿರುಗುತ್ತದೆ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಓಡಿಹೋದರು ಎನ್ನಿ. ಹುಡುಗ ಕೆಳಜಾತಿಯವನಾದರೆ ಬಡಿಗೆ ಹಿಡಿಯುವ ಬದಲು ಠಾಣೆಗೆ ಹೋದರಾಯಿತು, ಅವನ ಬದುಕು ಮುಗಿಯಿತು. ಒಂದೇ ಜಾತಿಯಾದರೆ ಹಿರಿಯರು ಕೂತು ಗುಟ್ಟಾಗಿ ಮದುವೆ ಮಾಡಿಸಿಬಿಡುತ್ತಾರೆ, ಅಲ್ಲಿ ಕಾನೂನು ನೆನಪಾಗುವುದಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, 16 ದಾಟಿದ ಹುಡುಗಿಯರ ಇಂಥ ಪ್ರಕರಣಗಳನ್ನು ಕಂಡು, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಬೇಕು ಎಂದಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಈ ವಾದದಲ್ಲಿ ಯಾರ ಪರ ನಿಲ್ಲುತ್ತೀರೋ ನಿಮಗೆ ಬಿಟ್ಟದ್ದು. ಆದರೆ ಈ ಕಾನೂನು ಇದೆ ಎಂದು ಹುಡುಗರಿಗೆ ಹೇಳದೆ, ಸಿಕ್ಕಿಬಿದ್ದ ಮೇಲೆ ಕೈದಿಯಾಗಿ ನೋಡಲು ಹೋಗುವುದು ಮೇಷ್ಟ್ರ ಕೆಲಸವಲ್ಲ.

6

ಕೊನೆಗೆ ನಮ್ಮ ಕಡೆಗೇ ಬೆರಳು ತೋರಿಸಿಕೊಳ್ಳೋಣ. ಚಳವಳಿಯ ಹಾಡುಗಳಲ್ಲಿ ಅಕ್ಕ-ತಂಗಿಯರ ಮಾನದ ಮಾತು ಬಂದಷ್ಟು ಅವರ ಮನಸ್ಸಿನ ಮಾತು ಬಂತೇ? ಕೇರಿಯ ಹೆಣ್ಣಿನ ಮೇಲೆ ಅತ್ಯಾಚಾರವಾದರೆ ಮೆರವಣಿಗೆ ಮಾಡಿದೆವು, ಸರಿ. ಅದೇ ಕೇರಿಯ ಹುಡುಗಿ ಓದಬೇಕು, ಮದುವೆ ಬೇಡ ಅಂದಾಗ ಅವಳ ಅಪ್ಪನ ಜಗಲಿಯ ಮೇಲೆ ಎಷ್ಟು ಜನ ಕೂತೆವು? ಮಾನ ಎಂಬುದು ಕಾಯುವವನ ಮಾತು. ತೀರ್ಮಾನ ಎಂಬುದು ಬದುಕುವವಳ ಮಾತು. ಮೊದಲನೆಯದನ್ನು ನಾವು ಮೇಲುಜಾತಿಯವರಿಂದ ಹಾಗೇ ಇಸಕೊಂಡಿದ್ದೇವೆ.

ಮೂರನೇ ವರ್ಷ ನಾನು ಆ ಪಾಠ ಬಿಡಲಿಲ್ಲ. ಹೇಗೆ ಶುರು ಮಾಡುವುದು ತಿಳಿಯದೆ ಒಂದು ಖಾಲಿ ಡಬ್ಬಿ ಇಟ್ಟೆ. ಹೆಸರು ಬರೆಯದೆ ಚೀಟಿ ಹಾಕಿ ಎಂದೆ. ಮೊದಲ ದಿನ ಬರೀ ಕೀಟಲೆ. ವಾರದ ಹೊತ್ತಿಗೆ ನಿಜವಾದ ಚೀಟಿಗಳು ಬಂದವು. ಒಂದರಲ್ಲಿ: 'ಒಬ್ರು ನಂಗೆ ಮೊಬೈಲ್ ಕೊಡ್ಸ್ಯಾರೆ. ಇಸ್ಕಂಡ್ ಮ್ಯಾಲೆ ಬ್ಯಾಡ ಅನ್ನಂಗಿಲ್ವಾ?' ಇನ್ನೊಂದು: 'ಪಿಚ್ಚರ್ನಾಗೆ ಬ್ಯಾಡ ಅಂದ್ರೆ ಹೂಂ ಅಂತ ತೋರಿಸ್ತಾರಲ್ಲ, ನಿಜಾನಾ ಸಾರ್?' ಮತ್ತೊಂದು: 'ಅಪ್ಪ ಅವ್ವ ಕಬ್ಬು ಕಡಿಯಾಕೆ ಹೋಗ್ಬೇಕು. ನನ್ನ ಒಬ್ಬಳ್ನೇ ಬಿಡಾಕೆ ಭಯ ಅಂತೆ. ಅದಕ್ಕೆ ಮದ್ವೆ ಅಂತಾರೆ. ನಾನೇನ್ ಮಾಡ್ಲಿ?'

ಈ ಮೂರು ಚೀಟಿ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಅಶ್ಲೀಲ ಎಲ್ಲಿದೆ ಇದರಲ್ಲಿ? ಮೊದಲನೆಯದು ಋಣದ ಪ್ರಶ್ನೆ. ಚೋಮನ ಬೆಳ್ಳಿಯ ಪ್ರಶ್ನೆಯೇ ಅದು. ಎರಡನೆಯದು ಸಿನಿಮಾ ಕಲಿಸಿದ ಸುಳ್ಳಿನ ಬಗ್ಗೆ ಹುಡುಗನೊಬ್ಬನಿಗೆ ಹುಟ್ಟಿದ ಅನುಮಾನ. ಅನುಮಾನ ಹುಟ್ಟಿದ್ದೇ ದೊಡ್ಡದು. ಮೂರನೆಯದಕ್ಕೆ ಉತ್ತರ ಜೀವಶಾಸ್ತ್ರದಲ್ಲಿಲ್ಲ. ಹಾಸ್ಟೆಲ್ ಸೀಟಿನಲ್ಲಿದೆ, ಊರಲ್ಲೇ ಸಿಗುವ ಕೂಲಿಯಲ್ಲಿದೆ, 1098 ಎಂಬ ಮಕ್ಕಳ ಸಹಾಯವಾಣಿಯಲ್ಲಿದೆ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ ಮಾಡಿಕೊಂಡ ತಿದ್ದುಪಡಿಯಲ್ಲಿದೆ.

ಆಮೇಲೆ ತರಗತಿಯಲ್ಲಿ ಒಂದೇ ಕೆಲಸ ಮಾಡಿದೆ. ಬೋರ್ಡಿನ ಮೇಲೆ 'ಇದು ಯಾರ ಮಾತು?' ಎಂದು ಬರೆದೆ. ಓದು ಬಿಡು ಎನ್ನುವುದು ಯಾರ ಮಾತು, ಅದರಿಂದ ಯಾರಿಗೆ ಲಾಭ? ಪ್ರೀತಿ ಇದ್ದರೆ ಫೋಟೋ ಕಳಿಸು ಎನ್ನುವುದು ಯಾರ ಮಾತು? ಗಂಡಸಾದರೆ ಅವಳನ್ನು ಬಿಡಬೇಡ ಎನ್ನುವುದು ಗೆಳೆಯನ ಮಾತೋ ಸಿನಿಮಾದ ಮಾತೋ? ಅವನ ಜಾತಿ ಯಾವುದು ಎಂದು ಮೊದಲು ಕೇಳಿದವರು ಯಾರು? ನಾನು 'ಬೇಡ' ಅಂದರೆ ನನಗೆ ಏನಾಗುತ್ತದೆ, ಆಗ ನನ್ನ ಜೊತೆ ಯಾರು ನಿಲ್ಲುತ್ತಾರೆ? ಮಕ್ಕಳೇ ಪಟ್ಟಿ ಮಾಡಿದರು. ಪುಸ್ತಕದಲ್ಲಿ ಮೂರು ಒತ್ತಡ ಇದ್ದವು. ಬೋರ್ಡಿನ ಮೇಲೆ ಹನ್ನೊಂದು ಆದವು. ಜಾತಿ ಎಂಬ ಪದ ಬರೆದದ್ದು ನಾನಲ್ಲ, ಹಿಂದಿನ ಬೆಂಚಿನ ಒಬ್ಬ ಹುಡುಗಿ.

ಊರವರು ಬಂದರೇ? ಬಂದರು. ನಾಲ್ಕು ಜನ. ಚೀಟಿಗಳನ್ನು ಓದಿ ಹೇಳಿದೆ, ಯಾರದ್ದೆಂದು ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಒಬ್ಬರು ಎದ್ದು ಹೋದರು. ಇಬ್ಬರು ಸುಮ್ಮನೆ ಕೂತರು. ಒಬ್ಬ ತಾಯಿ ಮಾತ್ರ 'ನಮಗ್ಯಾರೂ ಇದನ್ನ ಹೇಳ್ಲಿಲ್ಲ ನೋಡ್ರೀ ಮೇಷ್ಟ್ರೇ' ಎಂದರು. ಅಷ್ಟೇ ಆದದ್ದು. ಕ್ರಾಂತಿ ಆಗಲಿಲ್ಲ. ಆ ವರ್ಷವೂ ನನ್ನ ತರಗತಿಯಿಂದ ಒಬ್ಬಳು ಮದುವೆಯಾಗಿ ಹೋದಳು. ಇದನ್ನು ಮುಚ್ಚಿಟ್ಟು ಬರೆದರೆ ಈ ಲೇಖನವೂ ಇನ್ನೊಂದು ಸುಳ್ಳು ಬೋರ್ಡು.

ಗೆಳೆಯರೇ, ಮುಂದಿನ ಸಲ ಮಕ್ಕಳನ್ನು ಚನ್ನಗಿರಿಗೆ ಕರಕೊಂಡು ಹೋದಾಗ ಕೆರೆಯ ಏರಿಯ ಮೇಲೆ ಅವರನ್ನು ಕೂರಿಸಿ. ಶಾಂತವ್ವನ ಕಥೆ ಪೂರ್ತಿ ಹೇಳಿ. ಹೇಳಿದ ಮೇಲೆ ನೀವು ಏನೂ ವಿವರಿಸಬೇಡಿ. ಪಾಪ ಯಾರದು, ಬಾಗಿಲು ಹಾಕಿದವರು ಯಾರು, ಜಾಗ ಕೊಟ್ಟವರು ಯಾರು ಎಂದು ಅವರನ್ನೇ ಕೇಳಿ. ವರದಿಯಲ್ಲಿ ಕೆರೆಗೆ ಯಾವ ಹೆಸರು ಬರೆಯಬೇಕು ಎಂದು ಅವರೇ ತೀರ್ಮಾನಿಸಲಿ.